ತಲೆಗೆ ನೀರು ಹಾಕುವಾಗ ಬತ್ತದಾ?

ಕೊಳ್ಳೇಗಾಲದ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಡಾಕ್ಟರಾಗಿ ಬಂದಾಗ, ಫಿಟ್ಸ್ ಬಗ್ಗೆ ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಯಾವ ಮಾತ್ರೆ, ಕೆಜಿಗೆ ಎಷ್ಟು ಮಿಲಿಗ್ರಾಂ, ಏನು ಸೈಡ್ ಎಫೆಕ್ಟ್, ಎಲ್ಲ ಬಾಯಿಪಾಠ.

ಮೊದಲ ವರ್ಷವೇ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನನ್ನು ಅವನ ಅಜ್ಜಿ ಕರೆದುಕೊಂಡು ಬಂದರು. ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು. ನಾನು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ನಾಲಿಗೆ ಕಚ್ಚಿಕೊಳ್ತಾನಾ. ಫೆನಿಟಾಯಿನ್ ಅನ್ನೋ ಫಿಟ್ಸ್ ಮಾತ್ರೆ ಬರೆದೆ, ದಿನಕ್ಕೆ 200 ಮಿಲಿಗ್ರಾಂ. ತಿಂಗಳಾದ ಮೇಲೆ ಮತ್ತೆ ಬಂದರು. ಫಿಟ್ಸ್ ನಿಂತಿರಲಿಲ್ಲ. 300 ಮಾಡಿದೆ.

ಹತ್ತು ದಿನಕ್ಕೆ ಹುಡುಗ ತೂರಾಡಿಕೊಂಡು ಬಂದ. ಬಾಗಿಲು ಹಿಡಿದುಕೊಂಡೇ ನಿಂತ. ಪಕ್ಕಕ್ಕೆ ನೋಡು ಅಂದರೆ ಕಣ್ಣುಗುಡ್ಡೆ ಪಟಪಟ ಅಲುಗುತ್ತಿತ್ತು.

"ಕುಡ್ಕಂಡು ಓಡಾಡ್ತಾನೆ ಅಂತಾವ್ರೆ ಕನವ್ವ ಊರಲ್ಲಿ" ಅಂದರು ಅಜ್ಜಿ.

ಫೆನಿಟಾಯಿನ್ ಸ್ವಭಾವವೇ ಹಾಗೆ. ಒಂದು ಮಟ್ಟದವರೆಗೆ ಲಿವರ್ ಅದನ್ನು ಸಂಭಾಳಿಸುತ್ತದೆ. ಆಮೇಲೆ ಡೋಸ್ ಚೂರು ಏರಿಸಿದರೂ ರಕ್ತದಲ್ಲಿ ಸಿಕ್ಕಾಪಟ್ಟೆ ಜಾಸ್ತಿಯಾಗುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ!

ನಮ್ಮ ಸಿಸ್ಟರ್ ಆ ಸೀಮೆಯವರೇ. ಡ್ರೆಸ್ಸಿಂಗ್ ಟ್ರೇ ಜೋಡಿಸುತ್ತಾ, ತಲೆ ಎತ್ತದೇ ಕೇಳಿದರು. "ಅಜ್ಜಿ, ತಲೆಗೆ ನೀರು ಹಾಕುವಾಗ ಬತ್ತದಾ?"

"ಇನ್ಯಾವಾಗ ಬತ್ತದ? ಸನಿವಾರ ಸನಿವಾರ ನೀರು ಹುಯ್ಕಳೋವಾಗ್ಲೇ. ಡಾಕ್ಟ್ರಮ್ಮ ಕೇಳ್ನಿಲ್ಲ, ನಾನು ಹೇಳ್ನಿಲ್ಲ."

ಬಿಸಿನೀರಿನ ಫಿಟ್ಸ್. ಹಂಡೆಯಿಂದ ಸುಡುಸುಡು ನೀರು ತೋಡಿ ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿದುಕೊಂಡರೆ ಕೆಲವರಿಗೆ ಬರುವಂಥದ್ದು. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲು ಇತ್ತೋ ಏನೋ. ಆದರೆ ದಕ್ಷಿಣ ಕರ್ನಾಟಕಕ್ಕೆ ಇದು ಹೊಸದಲ್ಲ. ನಿಮ್ಹಾನ್ಸ್‌ನವರು ದಶಕಗಳಿಂದ ಇದರ ಬಗ್ಗೆ ಬರೆದಿದ್ದಾರೆ. ಪಕ್ಕದ ಯಳಂದೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 255 ಜನರಲ್ಲಿ ಸಿಕ್ಕಿತ್ತು. ನಾನು ಕೂತಿದ್ದ ಕುರ್ಚಿಯಿಂದ ಯಳಂದೂರಿಗೆ ಬಸ್ಸಲ್ಲಿ ಎಷ್ಟು ಹೊತ್ತು ಹೇಳಿ!

ಡೋಸ್ ಇಳಿಸಿ ಬೆಂಗಳೂರಿಗೆ ಕಳಿಸಿದೆ. ಉಗುರುಬೆಚ್ಚಗಿನ ನೀರು, ತಲೆಸ್ನಾನದ ದಿನ ಮುಂಚೆಯೇ ಒಂದು ಕ್ಲೋಬಜಾಮ್ ಮಾತ್ರೆ. ಎಲ್ಲರಿಗೂ ಇಷ್ಟೇ ಸಾಲುವುದಿಲ್ಲ, ಸ್ನಾನ ಇಲ್ಲದಾಗಲೂ ಬರುವವರಿಗೆ ದಿನಾ ಮಾತ್ರೆ ಬೇಕು. ಇವನಿಗೆ ಸಾಕಾಯಿತು.

ಆಮೇಲೆ ಫಿಟ್ಸ್ ತರಬೇತಿ ಎಲ್ಲಿದ್ದರೂ ಹೋಗುತ್ತೇನೆ. ಬಹುತೇಕ ಕಡೆ ಸ್ಲೈಡುಗಳೇ. ಹೊಸ ಮಾತ್ರೆ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಗೆರೆಗಳು, ಮಧ್ಯಾಹ್ನ ಊಟ. ನಮ್ಮಲ್ಲಿ ಇಇಜಿ ಮಷಿನ್ನೇ ಇಲ್ಲ. ಒಂದು ಕಡೆ ಮಾತ್ರ ಮೇಷ್ಟ್ರೊಬ್ಬರು ಸ್ಲೈಡು ಬಂದ್ ಮಾಡಿ, ಮನೆಯವರು ಮೊಬೈಲಲ್ಲಿ ತೆಗೆದ ವಿಡಿಯೋ ಹಾಕಿದರು. ಇದು ಫಿಟ್ಸಾ, ತಲೆಸುತ್ತಿ ಬಿದ್ದಿದ್ದಾ? ಅರ್ಧಕ್ಕರ್ಧ ಜನ ತಪ್ಪು ಹೇಳಿದರು. ನಾನೂ ಅದರಲ್ಲಿದ್ದೆ. ಎರಡು ಸಲ ಜರ್ಕ್ ಹೊಡೆದಿದ್ದು ನೋಡಿ ಫಿಟ್ಸ್ ಅಂದಿದ್ದೆ. ಬರೀ ತಲೆಸುತ್ತಿ ಬಿದ್ದವರಿಗೂ ಹಾಗೆ ಆಗುತ್ತದಂತೆ. ಅವತ್ತಿನಿಂದ ಬಂದವರಿಗೆಲ್ಲ ಮುಂದಿನ ಸಲ ವಿಡಿಯೋ ಮಾಡ್ಕೊಂಡು ಬನ್ನಿ ಅನ್ನುತ್ತೇನೆ.

ಇನ್ನೊಂದು ಪ್ರಶ್ನೆಯೂ ಅಲ್ಲೇ ಕಲಿತೆ. ಹದಿನೆಂಟರ ಹುಡುಗಿಗೆ ವಾಲ್‌ಪ್ರೊಯೇಟ್ ಅನ್ನೋ ಫಿಟ್ಸ್ ಮಾತ್ರೆ ಬರೆಯುವ ಮುಂಚೆ, ಮದುವೆ ಮಾತುಕತೆ ಇದೆಯಾ ಅಂತ. ಬಸುರಿಯಾಗಿದ್ದಾಗ ಆ ಮಾತ್ರೆ ತಗೊಂಡವರ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದ ದೋಷ. ಕಲಿಕೆ, ಬೆಳವಣಿಗೆಯ ತೊಂದರೆ 30ರಿಂದ 40 ಮಕ್ಕಳಿಗೆ. ಅಷ್ಟು ದಿನ ಎಷ್ಟು ಹುಡುಗಿಯರಿಗೆ ಸುಮ್ನೆ ಬರೆದುಕೊಟ್ಟಿದ್ದೆನೋ.

ಅವತ್ತು ತರಬೇತಿ ಹಾಲ್‌ನಲ್ಲಿ ಇದ್ದವರೆಲ್ಲ ಡಾಕ್ಟರುಗಳೇ. ನಮ್ಮ ಸಿಸ್ಟರ್ ಹೆಸರು ಕೊಡಬಹುದಾ ಅಂತ ವಿಚಾರಿಸಿದರೆ, "ಮೇಡಂ, ಸರ್ಕ್ಯುಲರ್‌ನಲ್ಲಿ ಮೆಡಿಕಲ್ ಆಫೀಸರ್ ಅಂತ ಮಾತ್ರ ಇದೆ" ಅಂದರು. ಮುಂದಿನ ಬ್ಯಾಚಿಗೆ ಅವರ ಹೆಸರನ್ನೇ ಬರೆದು ಕಳಿಸಿದ್ದೇನೆ. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ.