ಹತ್ತು ವಾರದ ರಜೆಗೆ ಕತ್ತರಿ ಹಾಕಬೇಕಾ?

ಊರಿಗೆ ಫೋನ್ ಮಾಡಿದಾಗಲೆಲ್ಲ ‘ಅಮೆರಿಕದಲ್ಲಿ ಮಕ್ಕಳಿಗೆ ಯಾವಾಗ ನೋಡಿದರೂ ರಜೆ ಅಲ್ವಾ?’ ಅಂತ ಕೇಳುತ್ತಾರೆ. ಪೂರ್ತಿ ಸುಳ್ಳೇನಲ್ಲ. ನಾವಿರುವ ವರ್ಜೀನಿಯಾದಲ್ಲಿ ಸರ್ಕಾರಿ ಶಾಲೆಗಳು ವರ್ಷಕ್ಕೆ 180 ದಿನ, ಇಲ್ಲವೇ 990 ಗಂಟೆ ನಡೆದರೆ ಸಾಕು. ಜೂನ್‌ನಲ್ಲಿ ಬಾಗಿಲು ಹಾಕಿದರೆ ನಮ್ಮ ಕಡೆ ಮತ್ತೆ ತೆರೆಯುವುದು ಆಗಸ್ಟ್ ಕೊನೆಗೆ.

ದಿನ ಹೆಚ್ಚಿಸಿ ಅನ್ನುವ ಮಾತು ಹಳೆಯದು. 1983ರಲ್ಲೇ ಕೇಂದ್ರ ಸರ್ಕಾರ ನೇಮಿಸಿದ ಶಿಕ್ಷಣ ಆಯೋಗ 200ರಿಂದ 220 ದಿನದ ಶಾಲಾ ವರ್ಷ ಬೇಕೆಂದಿತ್ತು. ಒಬಾಮ ಅಧ್ಯಕ್ಷರಾದಾಗಲೂ ಇದನ್ನೇ ಹೇಳಿದರು. ಹೆಚ್ಚಿನ ರಾಜ್ಯಗಳು ಇವತ್ತಿಗೂ 180ರ ಆಸುಪಾಸಿನಲ್ಲೇ ಇವೆ.

ಹಿಂದೆ ಮಕ್ಕಳು ಹೊಲದಲ್ಲಿ ದುಡಿಯುತ್ತಿದ್ದರು, ಅದಕ್ಕೇ ಬೇಸಿಗೆ ರಜೆ ಬಂತು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಇಲ್ಲಿ ಬಿತ್ತನೆ ವಸಂತದಲ್ಲಿ, ಕೊಯ್ಲು ಶರತ್ಕಾಲದಲ್ಲಿ. ಆಗಿನ ಹಳ್ಳಿ ಶಾಲೆಗಳು ಬೇಸಿಗೆಯಲ್ಲೂ ನಡೆಯುತ್ತಿದ್ದವು! ಈಗ ರಜೆಯನ್ನು ಕಾಯುತ್ತಿರುವುದು ದುಡ್ಡು. ನಮ್ಮ ರಾಜ್ಯದಲ್ಲಿ 1986ರಲ್ಲಿ ಬಂದ ಒಂದು ಕಾನೂನಿಗೆ ಥೀಮ್ ಪಾರ್ಕೊಂದರ ಹೆಸರೇ ಅಂಟಿಕೊಂಡಿತು: ‘ಕಿಂಗ್ಸ್ ಡೊಮಿನಿಯನ್ ಕಾನೂನು’. ವಿಶೇಷ ಅನುಮತಿ ಇಲ್ಲದಿದ್ದರೆ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಮುಗಿಯುವವರೆಗೆ ಶಾಲೆ ತೆರೆಯುವಂತಿರಲಿಲ್ಲ. ಪಾರ್ಕಿಗೆ ಗಿರಾಕಿಗಳೂ ಬೇಕು, ಟಿಕೆಟ್ ಹರಿಯಲು ಹೈಸ್ಕೂಲ್ ಹುಡುಗರೂ ಬೇಕು. ಅದು ಸಡಿಲವಾದದ್ದು 2019ರಲ್ಲಿ.

ಇನ್ನು ಟೀಚರ್‌ಗಳ ಒಪ್ಪಂದ ಸಾಮಾನ್ಯವಾಗಿ ಹತ್ತು ತಿಂಗಳದ್ದು. ದಿನ ಹೆಚ್ಚಿದರೆ ಸಂಬಳ, ಬಸ್ಸು, ಎಸಿ ಎಲ್ಲದರ ಖರ್ಚೂ ಹೆಚ್ಚುತ್ತದೆ.

ನನಗೆ ಕಾಡುವುದು ಬೇರೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ನಮ್ಮಂಥವರು ಚಳಿಗಾಲದಲ್ಲೇ ಸಮ್ಮರ್ ಕ್ಯಾಂಪ್ ಬುಕ್ ಮಾಡುತ್ತೇವೆ. ವಾರಕ್ಕೆ ನೂರಾರು ಡಾಲರ್. ಈಜು, ಚೆಸ್, ರೋಬೋಟ್, ಸುಮ್ನೆ ಒಂದಿಷ್ಟು ಕುಣಿತ. ಅಷ್ಟು ಕೊಡಲಾಗದ ಮನೆಯಲ್ಲಿ ಅಕ್ಕನೇ ತಮ್ಮನನ್ನು ನೋಡಿಕೊಳ್ಳುತ್ತಾಳೆ, ಟಿವಿ ಇಬ್ಬರನ್ನೂ ನೋಡಿಕೊಳ್ಳುತ್ತದೆ. ಶಾಲೆಯ ಉಚಿತ ಊಟವೂ ನಿಂತಿರುತ್ತದೆ. ಅದನ್ನು ತುಂಬಲು 2024ರಿಂದ ಹಲವು ರಾಜ್ಯಗಳಲ್ಲಿ ಬಡ ಮಕ್ಕಳಿಗೆ ತಲಾ 120 ಡಾಲರ್ ಸಿಗುತ್ತಿದೆ. ಇಡೀ ಬೇಸಿಗೆಗೆ ಅಷ್ಟೇ.

ಹಾಗಂತ ಎಲ್ಲರನ್ನೂ ಇನ್ನೂ ಇಪ್ಪತ್ತು ದಿನ ಬೆಂಚಿನ ಮೇಲೆ ಕೂರಿಸಿ ಪರೀಕ್ಷೆಗೆ ತಯಾರು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬೇಕಾದವರಿಗೆ ಜುಲೈನಲ್ಲಿ ಶಾಲೆ ತೆರೆದಿರಲಿ. ಓದು, ಆಟ, ಊಟ ಇರಲಿ. ಬರುವ ಟೀಚರ್‌ಗಳಿಗೆ ಸರಿಯಾದ ಸಂಬಳ ಕೊಡಲಿ. ಇದಕ್ಕೆ ಪರಿಚಯದವರೆಲ್ಲ ತಲೆಯಾಡಿಸುತ್ತಾರೆ. ಆಸ್ತಿ ತೆರಿಗೆ ಸ್ವಲ್ಪ ಜಾಸ್ತಿಯಾಗಬಹುದು ಅಂದ ಕೂಡಲೇ ಮಾತು ಹವಾಮಾನದ ಕಡೆ ಹೋಗುತ್ತದೆ.