ಉಪಚುನಾವಣೆಯ ಬೂತ್ ಲೆಕ್ಕ: ಹಳೆ 47ನೇ ಬೂತ್ ಕೊನೆಗೂ ಸಿಕ್ಕಿತು

ಕಳೆದ ಚುನಾವಣೆಯ ಫಾರ್ಮ್ 20, ಅಂದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂದು ತೋರಿಸುವ ಫಲಿತಾಂಶ ಹಾಳೆ, ಈಗಿನ ಮತದಾರರ ಪಟ್ಟಿಗೆ ಅಂತೂ ಹೊಂದಿಕೊಂಡಿತು. ಗೆಲುವು ದೂರವಿರುವ ಅಭ್ಯರ್ಥಿಗೆ ಈ ಹಾಳೆಯೇ ಜೀವಾಳ. ನಾಮಪತ್ರ ವಾಪಸಾತಿ ಮುಗಿದ ಮೇಲೆ ಕೈಗೆ ಸಿಗುವುದು ಎರಡು ವಾರದ ಆಸುಪಾಸು. ಅಷ್ಟರಲ್ಲಿ ಎಲ್ಲ ಬೂತ್ ಸುತ್ತುವಷ್ಟು ಕಾರ್ಯಕರ್ತರಿರುವುದಿಲ್ಲ, ಆರಿಸಿಕೊಳ್ಳಲೇಬೇಕು.

ಕಾಡಿದ್ದು ಭಾಗ ಸಂಖ್ಯೆ, ಅಂದರೆ ಮತದಾರರ ಪಟ್ಟಿಯಲ್ಲಿ ಪ್ರತಿ ಬೂತಿಗೆ ಕೊಟ್ಟಿರುವ ಸಂಖ್ಯೆ. ಮತದಾರರು ಹೆಚ್ಚಾದ ಬೂತನ್ನು ಒಡೆದರೆ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಹಳೆ 112 ಈಗ 115. ಸಂಖ್ಯೆ ನೋಡಿ ಜೋಡಿಸಿದರೆ ಪಕ್ಕದೂರಿನ ಮತ ಈ ಊರಿನ ಲೆಕ್ಕಕ್ಕೆ ಬಂದು ಕೂರುತ್ತದೆ. ಶಾಲೆಯ ಹೆಸರು ಹಿಡಿದರೂ ಆಗಲಿಲ್ಲ, ಒಂದೇ ಶಾಲೆಯಲ್ಲಿ ಮೂರು ಬೂತ್.

ಈ ಗಂಟು ಬಿಡಿಸಿದ್ದು ಎಪಿಕ್ ಸಂಖ್ಯೆ, ಅಂದರೆ ಮತದಾರರ ಗುರುತಿನ ಚೀಟಿಯ ನಂಬರ್. ಬೂತ್ ಬದಲಾದರೂ ಕಾರ್ಡಿನ ನಂಬರ್ ಹಾಗೇ ಇರುತ್ತದೆ. ಹಳೆ, ಹೊಸ ಪಟ್ಟಿಗಳೆರಡೂ ಚಿತ್ರರೂಪದ ಪಿಡಿಎಫ್. ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟರೆ ಕನ್ನಡ ಹೆಸರಿನ ಒತ್ತಕ್ಷರವೆಲ್ಲ ಕಲಸುಮೇಲೋಗರ. ಎಪಿಕ್‌ನಲ್ಲಾದರೆ ಮೊದಲು ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ. ಮೊದಲ ಮೂರರಲ್ಲಿ ಸೊನ್ನೆ ಕಂಡರೆ ‘ಓ’ ಮಾಡಿ. ಕೊನೆಯ ಏಳರಲ್ಲಿ ‘ಓ’ ಕಂಡರೆ ಸೊನ್ನೆ, ‘ಐ’ ಕಂಡರೆ 1. ಓರೆಗೆರೆಯಿರುವ ಹಳೆ ಉದ್ದ ನಂಬರುಗಳನ್ನು ಬೇರೆ ಇಟ್ಟು ಕೈಯಲ್ಲೇ ನೋಡಬೇಕು.

ಹಳೆ 47ರ 1,140 ಎಪಿಕ್ ಹೊಸ ಪಟ್ಟಿಯಲ್ಲಿ ಸಿಕ್ಕವು ಅನ್ನಿ: 684 ಹೊಸ 49ರಲ್ಲಿ, 456 ಹೊಸ 50ರಲ್ಲಿ. ಅಂದರೆ 60:40. ಕಳೆದ ಸಲ ಅಲ್ಲಿ ನಮಗೆ ಬಿದ್ದಿದ್ದ 250 ಮತ 150 ಮತ್ತು 100 ಆಗಿ ಹಂಚಿಹೋಗುತ್ತದೆ. ಆದರೆ ಓಣಿಯಿಂದ ಓಣಿಗೆ ಒಲವು ಬೇರೆ. ಆದ್ದರಿಂದ ಪಟ್ಟಿಯ ಮೊದಲ ಪುಟದಲ್ಲಿರುವ ವಿಭಾಗಗಳ (ಓಣಿ, ಬೀದಿಗಳ) ಹೆಸರನ್ನು ಬೂತ್ ಏಜೆಂಟರ ಮುಂದಿಟ್ಟು ಈ ಅಂದಾಜನ್ನು ತಿದ್ದಿಸಲೇಬೇಕು. ಬೂತುಗಳ ಮತ ಕೂಡಿದಾಗ ಒಟ್ಟು ಮೊತ್ತ ತಾಳೆಯಾಗದಿದ್ದರೆ ಅಂಚೆ ಮತ ನೋಡಿ, ಫಾರ್ಮ್ 20ರಲ್ಲಿ ಅದು ಕೆಳಗೆ ಪ್ರತ್ಯೇಕ ಸಾಲು.

ಮತದಾನ ಇಳಿಯುವ ಉಪಚುನಾವಣೆಯಲ್ಲಿ ಹೊಸಬರನ್ನು ಒಲಿಸುವುದಕ್ಕಿಂತ ಹಿಂದೆ ಹಾಕಿದವರನ್ನು ಮನೆಯಿಂದ ಹೊರಡಿಸುವುದು ಸುಲಭ. ಆದ್ದರಿಂದ ಹಳೆ ಮತ ಹೆಚ್ಚಿರುವ ಬೂತಿಗೆ ಮೂರು ಸುತ್ತು, ಉಳಿದವಕ್ಕೆ ಒಂದೇ.

ಮುದ್ರಣಾಲಯದವರ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. 8,000 ಕರಪತ್ರ ಬಂತು, ಪ್ರಕಾಶಕರ ಹೆಸರು-ವಿಳಾಸವೇ ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಮುದ್ರಕರು, ಪ್ರಕಾಶಕರು ಇಬ್ಬರದ್ದೂ ಬೇಕು. ಒಂದನ್ನೂ ಹಂಚುವಂತಿಲ್ಲ.

ಮುಂದಿನದು ಫಾರ್ಮ್ 17ಸಿ ಹಾಳೆ, ಅಂದರೆ ಬೂತಿನಲ್ಲಿ ಬಿದ್ದ ಒಟ್ಟು ಮತಗಳ ಲೆಕ್ಕ. ಮತದಾನ ಮುಗಿದಾಗ ಏಜೆಂಟರಿಗೆ ಸಿಗುವ ಪ್ರತಿಯ ಒಟ್ಟು ಮತವನ್ನು ಅಂದು ರಾತ್ರಿಯೇ ತುಂಬಿಡಬೇಕು, ಎಣಿಕೆ ಮೇಜಿನಲ್ಲಿ ಮತಯಂತ್ರದ ಕಂಟ್ರೋಲ್ ಯೂನಿಟ್ ತೋರಿಸುವ ಸಂಖ್ಯೆಯೊಂದಿಗೆ ತಾಳೆ ನೋಡಲು. ಕಾಲಮ್ಮುಗಳು ಸಿದ್ಧವಾಗಿವೆ, ಈ ಸಲ ಹೊಸ ಭಾಗ ಸಂಖ್ಯೆಯಲ್ಲೇ.