ಹದಿನೆಂಟನೇ ದಿನ ಬಂದ ಫೋನು

ನಮ್ಮ ಯೂನಿವರ್ಸಿಟಿ ಕಂಪ್ಯೂಟರ್ ಸೆಂಟರಿಗೆ ಯಾರಾದರೂ ಬಂದು "ಸರ್, ಡೇಟಾ ಎಲ್ಲಿಡೋದು?" ಅಂತ ಕೇಳಿದರೆ, ಮೊದಲೆಲ್ಲ ನಾನು "ಎಷ್ಟು ಟೆರಾಬೈಟ್ (ಟಿಬಿ)?" ಅನ್ನುತ್ತಿದ್ದೆ. ಈಗ "ನೀವು ಇಲ್ಲಿ ಇನ್ನೆಷ್ಟು ವರ್ಷ ಇರ್ತೀರಿ?" ಅಂತ ಕೇಳುತ್ತೇನೆ. ಕೆಲವರಿಗೆ ಮುಖ ಗಂಟಾಗುತ್ತದೆ. ಆಗಲಿ ಬಿಡಿ.

2019ರಲ್ಲಿ ಹೊಸ ಸ್ಕಾಲರ್‌ಗಳಿಗೆ ಓರಿಯೆಂಟೇಶನ್ ಕೊಟ್ಟವನು ನಾನೇ. "ಗೂಗಲ್ ಡ್ರೈವ್ ನಮಗೆ ಅನ್‌ಲಿಮಿಟೆಡ್. ಪೆನ್‌ಡ್ರೈವ್ ಎಲ್ಲ ಬಿಟ್ಹಾಕಿ, ಅಲ್ಲೇ ಸುರೀರಿ" ಅಂದಿದ್ದೆ. ಚಪ್ಪಾಳೆ ಕೂಡ ಬಿದ್ದಿತ್ತು. ಆ ಬ್ಯಾಚಿನಲ್ಲಿ ಒಬ್ಬ ಹುಡುಗನದು ಅಡಿಕೆ ಕೊಳೆರೋಗದ ಕೆಲಸ. ತೀರ್ಥಹಳ್ಳಿ, ಕೊಪ್ಪ ಕಡೆಯ ತೋಟಗಳಲ್ಲಿ ಮರಗಳಿಗೆ ಕೆಂಪು ಪೇಂಟಿನಲ್ಲಿ ನಂಬರ್ ಬರೆದು, ಮೂರು ಮಳೆಗಾಲ ಅದೇ ಮರಗಳ ಅಡಿಕೆ ಗೊನೆಗಳ ಫೋಟೋ ತೆಗೆದ. ಕೊಳೆಗೆ ಮದ್ದಾದ ಬೋರ್ಡೋ ದ್ರಾವಣ ಹೊಡೆಯೋ ಮೊದಲು ಒಂದು, ಹೊಡೆದ ಮೇಲೆ ಹದಿನೈದು ದಿನಕ್ಕೊಂದು. ಪಾಪ, ನನ್ನ ಮಾತು ನಂಬಿ ಎಲ್ಲವನ್ನೂ ತನ್ನ ಯೂನಿವರ್ಸಿಟಿ ಐಡಿಯ ಮೈ ಡ್ರೈವ್‌ಗೆ ಹಾಕಿ ಲ್ಯಾಬಿಗೆ ಶೇರ್ ಮಾಡಿದ.

2021ರ ಫೆಬ್ರವರಿಯಲ್ಲಿ ಅನ್‌ಲಿಮಿಟೆಡ್ ಮುಗಿಯಿತು ಅಂತ ಸುದ್ದಿ ಬಂತು. ಇಡೀ ಸಂಸ್ಥೆಗೆ ಸೇರಿ 100 ಟಿಬಿ, ಹಳಬರಿಗೆ 2022ರ ಜುಲೈಯಿಂದ ಲೆಕ್ಕ. ನಾವು ಅಷ್ಟೊತ್ತಿಗಾಗಲೇ ಮಿತಿ ದಾಟಿದ್ದೆವು. ಮೇಲಿನವರು ನಾಲ್ಕು ಮೀಟಿಂಗ್ ಮಾಡಿ, ಟೀ ಕುಡಿದು, "ನೀವೇ ಏನಾದ್ರೂ ಮಾಡಿ" ಅಂದರು.

ಅಕೌಂಟ್ ಸಸ್ಪೆಂಡ್ ಮಾಡಿದರೆ ಜಾಗ ಖಾಲಿಯಾಗಲ್ಲ, ಡಿಲೀಟೇ ಆಗಬೇಕು. ಪರೀಕ್ಷಾ ವಿಭಾಗದಿಂದ ಪಾಸ್‌ಔಟ್ ಲಿಸ್ಟ್ ತರಿಸಿಕೊಂಡೆ. ಸಿಎಸ್‌ವಿ ಮಾಡಿ, 2022ರ ನವೆಂಬರ್ 2ರಂದು ಎಲ್ಲರನ್ನೂ ಒಟ್ಟಿಗೆ ಡಿಲೀಟ್ ಮಾಡುವ ಸ್ಕ್ರಿಪ್ಟ್ ಓಡಿಸಿದೆ. ಅಡ್ಮಿನ್ ಕನ್ಸೋಲಿನಲ್ಲಿ ಒಬ್ಬೊಬ್ಬರನ್ನೇ ಡಿಲೀಟ್ ಮಾಡುತ್ತಾ ಹೋದರೆ, ಇವರ ಫೈಲ್ ಯಾರಿಗೆ ಕೊಡಲಿ ಅಂತ ಅದು ಕೇಳುತ್ತದೆ. ಸ್ಕ್ರಿಪ್ಟ್ ಏನೂ ಕೇಳುವುದಿಲ್ಲ. ಅದಕ್ಕೇ ನನಗೆ ಅದು ಇಷ್ಟ. ಒಂದು ತಿಂಗಳು ಮೊದಲೇ ಎಲ್ಲರಿಗೂ ನೋಟಿಸ್ ಮೇಲ್ ಹೋಗಿತ್ತು. ಹೋಗಿದ್ದು ಮಾತ್ರ ಅದೇ ಯೂನಿವರ್ಸಿಟಿ ಐಡಿಗೆ, ಕೆಲಸ ಸಿಕ್ಕಿ ಊರು ಬಿಟ್ಟವರು ಯಾರೂ ತೆರೆಯದ ಇನ್‌ಬಾಕ್ಸಿಗೆ.

ಇಲ್ಲಿಯವರೆಗಿನ ತಪ್ಪನ್ನು ಹೇಗೋ ಸಮರ್ಥಿಸಿಕೊಳ್ಳಬಹುದು. ಮುಂದಿನದಕ್ಕೆ ಆಗಲ್ಲ.

15ನೇ ತಾರೀಖು ಆ ಕೊಳೆರೋಗದ ಹುಡುಗನ ಗೈಡ್ ಮೇಡಂ ನಮಗೆ ಟಿಕೆಟ್ (ದೂರು) ಹಾಕಿದರು: "ಕೊಳೆರೋಗ ಫೋಲ್ಡರ್ ಕಾಣುತ್ತಿಲ್ಲ." ನಾನು ಐಡಿ ಕೂಡ ನೋಡಲಿಲ್ಲ. "ಪರ್ಮಿಷನ್ ಸಮಸ್ಯೆ, ಓನರ್ ಹತ್ತಿರ ಆಕ್ಸೆಸ್ ಕೇಳಿ" ಅನ್ನೋ ರೆಡಿ ಉತ್ತರ ಅಂಟಿಸಿ ಟಿಕೆಟ್ ಕ್ಲೋಸ್ ಮಾಡಿದೆ. ಮರುದಿನ ಮತ್ತೆ ಹಾಕಿದರು. ಮತ್ತೆ ಕ್ಲೋಸ್. ನ್ಯಾಕ್ ಮೌಲ್ಯಮಾಪನದ ಫೈಲ್ ತುಂಬುವ ಗಡಿಬಿಡಿ ಬೇರೆ ಇತ್ತು, ಆದರೆ ಅದು ನೆಪ ಅಷ್ಟೇ.

20ನೇ ತಾರೀಖು ಭಾನುವಾರ, ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಹೈದರಾಬಾದಿನಿಂದ ಆ ಹುಡುಗನ ಫೋನು. "ಸರ್, ಮೇಡಂ ಆಕ್ಸೆಸ್ ಕೊಡು ಅಂತಿದಾರೆ. ನನ್ನ ಐಡಿ ಲಾಗಿನ್ನೇ ಆಗ್ತಿಲ್ಲ."

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಡಿಲೀಟ್ ಆದ ಅಕೌಂಟನ್ನು ವಾಪಸ್ ತರೋಕೆ 20 ದಿನ ಮಾತ್ರ ಅವಕಾಶ. ಅದಾದ ಮೇಲೆ ಅಡ್ಮಿನ್ನೂ ಇಲ್ಲ, ದೇವರೂ ಇಲ್ಲ. ಬೆರಳು ಮಡಚಿ ಎಣಿಸಿದೆ. ಹದಿನೆಂಟು. ನಂಬಿಕೆ ಬರದೆ ಗೋಡೆ ಕ್ಯಾಲೆಂಡರ್ ಮುಂದೆ ನಿಂತು ಮತ್ತೆ ಎಣಿಸಿದೆ. "ಏನಾಯ್ತು?" ಅಂದಳು ಹೆಂಡತಿ. "ಏನಿಲ್ಲ" ಅಂದೆ.

ಲ್ಯಾಪ್‌ಟಾಪ್ ತೆಗೆದು ರಿಸ್ಟೋರ್ ಒತ್ತಿದೆ. ಅಕೌಂಟ್ ಬಂತು. ಪಾಸ್‌ವರ್ಡ್ ಬದಲಿಸಿ ಒಳಗೆ ಹೋದರೆ ಡ್ರೈವ್ ಖಾಲಿ! ಪೂರ್ತಿ ಬರೋಕೆ 24 ಗಂಟೆ ಬೇಕಾಗಬಹುದು ಅಂತ ಎಲ್ಲೋ ಓದಿದ್ದು ನೆನಪಿತ್ತು. ಆದರೆ ಖಾಲಿ ಬಿಳಿ ಪರದೆ ಎದುರಿಗಿದ್ದಾಗ ಓದಿದ್ದು ಯಾವುದೂ ಸಹಾಯಕ್ಕೆ ಬರುವುದಿಲ್ಲ. ರಿಫ್ರೆಶ್. ಖಾಲಿ. ಐದು ನಿಮಿಷ ಬಿಟ್ಟು ರಿಫ್ರೆಶ್. ಖಾಲಿ. ಆ ಮೂರು ಮಳೆಗಾಲವನ್ನು ಯಾರಿಂದ ಮತ್ತೆ ತರಿಸೋದು? ಥೀಸಿಸ್ ಏನೋ ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಸಿಗುತ್ತದೆ, ಫೋಟೋಗಳು ಅಲ್ಲಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮೇಡಂಗೆ ಮೆಸೇಜ್ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಕಳಿಸಲಿಲ್ಲ.

ಬೆಳಿಗ್ಗೆ ಐದೂವರೆಗೆ ಮತ್ತೆ ತೆರೆದೆ. ಮೊದಲು ಕಂಡಿದ್ದು ಒಂದು ಸಣ್ಣ ಚಿತ್ರ. ನೆಲದಲ್ಲಿ ಉದುರಿದ ಕೊಳೆತ ಅಡಿಕೆ, ಹಿಂದೆ ಮರದ ಬುಡದಲ್ಲಿ ಕೆಂಪಗೆ 114. ಅಷ್ಟು ಚೆಂದದ ಕೊಳೆತ ಅಡಿಕೆಯನ್ನು ನಾನು ಜೀವನದಲ್ಲಿ ನೋಡಿರಲಿಲ್ಲ.

ಆಮೇಲೆ ಶುರುವಾಯಿತು ಎಲ್ಲಿಡೋದು ಅನ್ನೋ ಚರ್ಚೆ. ಕ್ಲೌಡ್ ಬಾಡಿಗೆಗೆ ತಗೊಳ್ಳೋಣ ಅಂದೆ. ಫೈನಾನ್ಸ್‌ನವರು ಒಪ್ಪಲಿಲ್ಲ, ಅವರ ಮಾತಲ್ಲೂ ನ್ಯಾಯ ಇತ್ತು. ಪ್ರಾಜೆಕ್ಟ್ ದುಡ್ಡಲ್ಲಿ ಇಕ್ವಿಪ್‌ಮೆಂಟ್ ಹೆಡ್ (ಖರ್ಚಿನ ಬಾಬ್ತು) ಇರುತ್ತದೆ. ಪ್ರಾಜೆಕ್ಟ್ ಮುಗಿದ ಮೇಲೆ ತಿಂಗಳ ಬಿಲ್ಲು ಯಾವ ಹೆಡ್ಡಿಂದ ಕಟ್ಟೋದು? ಸರಿ, ಮಾರ್ಚ್ ಎಂಡಿಗೆ 8 ಟಿಬಿಯ ಎಂಟು ಡಿಸ್ಕಿನ ಒಂದು ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಬಂತು. ಡಿಸ್ಕುಗಳನ್ನೆಲ್ಲ ಒಂದಾಗಿ ಜೋಡಿಸುವ ರೇಡ್ 6 ವ್ಯವಸ್ಥೆ ಹಾಕಿದೆ. ಎರಡು ಡಿಸ್ಕ್ ಒಟ್ಟಿಗೆ ಸತ್ತರೂ ಡೇಟಾ ಉಳಿಯುತ್ತದೆ. ಮುಂದಿನ ಆಡಿಟ್‌ನಲ್ಲಿ ಪ್ರಶ್ನೆ: "64 ಟಿಬಿ ಇಂಡೆಂಟ್ ಹಾಕಿದ್ದೀರಿ, ಪರದೆಯಲ್ಲಿ 43 ಚಿಲ್ಲರೆ ತೋರಿಸ್ತಿದೆ. ಉಳಿದದ್ದು ಎಲ್ಲಿ ಹೋಯ್ತು?" ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಸತ್ತ ಡಿಸ್ಕಿನದನ್ನು ಮತ್ತೆ ಕಟ್ಟುವ ಲೆಕ್ಕಕ್ಕೆ) ಹೋಯಿತು, ಉಳಿದದ್ದು ಡಿಸ್ಕ್ ಮಾಡುವವರ ಸಾವಿರದ ಲೆಕ್ಕಕ್ಕೂ ಪರದೆಯ 1024ರ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಂತ ಎರಡು ಪುಟ ಉತ್ತರ ಬರೆದೆ. ನಾನು ಕದ್ದಿಲ್ಲ ಅಂತ ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ ಅನ್ಸುತ್ತೆ.

ನ್ಯಾಸ್ ಬಂತು ಅಂದಕೂಡಲೇ ಎಲ್ಲರೂ "ಬ್ಯಾಕಪ್ ಆಯ್ತಲ್ವಾ" ಅನ್ನೋಕೆ ಶುರು ಮಾಡಿದರು. ಆಗಿಲ್ಲ. ಡಿಸ್ಕ್ ಸತ್ತರೆ ರೇಡ್ ಕಾಪಾಡುತ್ತದೆ, ನನ್ನಂಥವನು ಡಿಲೀಟ್ ಒತ್ತಿದರೆ ಅದೂ ನಿಯತ್ತಾಗಿ ಡಿಲೀಟ್ ಮಾಡುತ್ತದೆ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ಯೂನಿವರ್ಸಿಟಿಯ ಸೂಪರ್‌ಕಂಪ್ಯೂಟರಿನಿಂದ 77 ಟಿಬಿಯಷ್ಟು ಸಂಶೋಧನಾ ಡೇಟಾ ಅಳಿಸಿಹೋಯಿತು. ಅಳಿಸಿದ್ದು ಬ್ಯಾಕಪ್ ಸ್ಕ್ರಿಪ್ಟೇ! ಆ ಸುದ್ದಿಯ ಪ್ರಿಂಟ್ ನನ್ನ ಮೇಜಿನ ಗಾಜಿನ ಕೆಳಗಿದೆ. ಬೇಜಾರಾದಾಗ ಓದುತ್ತೇನೆ.

ಈಗ ನಮ್ಮಲ್ಲಿ ಲ್ಯಾಬಿನ ಕೆಲಸ ಯಾರ ಮೈ ಡ್ರೈವ್‌ನಲ್ಲೂ ಇರಬಾರದು. ಶೇರ್ಡ್ ಡ್ರೈವ್‌ಗೇ ಹಾಕಬೇಕು, ಅಲ್ಲಿ ಹಾಕಿದ್ದು ಹಾಕಿದವರು ಬಿಟ್ಟು ಹೋದರೂ ಸಂಸ್ಥೆಯ ಹೆಸರಲ್ಲೇ ಉಳಿಯುತ್ತದೆ. ದೊಡ್ಡ ಫೋಟೋಗಳು ನ್ಯಾಸ್‌ಗೆ, ಅದರ ಇನ್ನೊಂದು ಪ್ರತಿ ಬೇರೆ ಕಟ್ಟಡದ ಬೀರುವಿನಲ್ಲಿ. ನೋ ಡ್ಯೂಸ್ ಫಾರಂನಲ್ಲಿ ಲೈಬ್ರರಿ, ಹಾಸ್ಟೆಲ್ ಕೆಳಗೆ ಹೊಸ ಸಾಲೊಂದನ್ನು ಜಗಳ ಮಾಡಿ ಸೇರಿಸಿದ್ದೇನೆ: "ಡೇಟಾ ಯಾರಿಗೆ ಒಪ್ಪಿಸಿದ್ದೀರಿ?"

ಹೆಚ್ಚಿನವರು "ಅನ್ವಯಿಸುವುದಿಲ್ಲ" ಅಂತ ಗೀಚುತ್ತಾರೆ, ಅವರನ್ನು ವಾಪಸ್ ಕಳಿಸುತ್ತೇನೆ. ಹೋದ ವಾರ ಒಬ್ಬಳು ಬಹಳ ನೀಟಾಗಿ ಬರೆದಿದ್ದಳು: "ಗೈಡ್‌ಗೆ ವಾಟ್ಸಾಪ್ ಮಾಡಿದ್ದೇನೆ."